ಬಾಗಿನದ ಮೊರದಲ್ಲಿ ಹೋದ ಕ್ರೀಮು

ಮನೆಮನೆಗೆ ಹೋಗಿ ಕ್ರೀಮು, ಪೌಡರು ಮಾರುವ ಕೆಲಸ ಬಿಟ್ಟಾಗ ಮಂಚದ ಕೆಳಗೆ ಎರಡು ಪೆಟ್ಟಿಗೆ ಮಾಲು ಉಳಿದಿತ್ತು. ಕಂಪನಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಹೋದರೆ ಹೋಗಲಿ, ಪುಕ್ಕಟೆ ಹಂಚಿಬಿಡೋಣ ಎಂದುಕೊಂಡೆ. ಹಂಚುವುದು ಮಾರುವುದಕ್ಕಿಂತ ಕಷ್ಟ ಎಂದು ಆಮೇಲೆ ತಿಳಿಯಿತು.

ಮಾದಿಹಳ್ಳಿಯ ನಮ್ಮ ಚಿಕ್ಕಮ್ಮ ಡಬ್ಬಿ ತಿರುಗಿಸಿ ತಳದ ತಾರೀಕು ನೋಡಿದರು. ಇನ್ನೂ ಎಂಟು ತಿಂಗಳಿತ್ತು.

"ಪುಕ್ಸಟ್ಟೆ ಯಾಕ್ ಕೊಡ್ತೀಯ? ಏನೋ ಐತೆ ಇದ್ರಲ್ಲಿ" ಎಂದು ನನ್ನ ಚೀಲಕ್ಕೇ ಹಾಕಿದರು.

ಹಳೇಬೀಡಿನ ನಮ್ಮ ಬೀದಿಯಲ್ಲಂತೂ ನನ್ನ ಚೀಲ ಕಂಡರೆ ಸಾಕು, ಹೆಂಗಸರಿಗೆ ಒಲೆ ಮೇಲೆ ಹಾಲಿಟ್ಟದ್ದು ನೆನಪಾಗುತ್ತಿತ್ತು. ದಿನಕ್ಕೆ ಎಷ್ಟು ಸಲ ಹಾಲು ಕಾಯಿಸುತ್ತಿದ್ದರೋ. ಅವರದು ಬೇಕಾದರೆ ಹಾಳಾಗಲಿ. ಪಕ್ಕದ ಮನೆಯವಳೂ ಹಾಗೇ ಒಳಗೆ ಹೋಗತೊಡಗಿದ್ದು ಮಾತ್ರ ನನಗೆ ತಡೆಯಲಾಗಲಿಲ್ಲ. ಹತ್ತು ವರ್ಷ ಕಾಂಪೌಂಡ್ ಗೋಡೆಯ ಮೇಲಿಂದ ಸಾರು, ಪಲ್ಯ ದಾಟಿಸಿಕೊಂಡವರು ನಾವು. ನಾನು ಬಲವಂತ ಮಾಡಿ ಬೇಡದ ಕ್ರೀಮು ಕೊಳ್ಳಿಸಿದ ಮೇಲೆ ಅವಳು ಆ ಗೋಡೆಯ ಹತ್ತಿರ ಬರುವುದನ್ನೇ ಬಿಟ್ಟಿದ್ದಳು.

ಗೌರಿ ಹಬ್ಬ ಬಂತು. ಬಾಗಿನವನ್ನು ಯಾರೂ ಬೇಡ ಅನ್ನುವಂತಿಲ್ಲ. ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ಬಾಚಣಿಗೆಯ ನಡುವೆ ಒಂದೊಂದು ಡಬ್ಬಿ ಕ್ರೀಮು ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿದೆ. ಪಕ್ಕದ ಮನೆಯವಳು ಸೆರಗು ಮರೆ ಮಾಡಿ ಹಿಡಿದುಕೊಂಡಳು. ನನ್ನ ಮುಖ ನೋಡಲಿಲ್ಲ. ಮನೆಗೆ ಬಂದ ಮೇಲೆ ನನಗೆ ಶುರುವಾಯಿತು. ದೇವರ ಹೆಸರಲ್ಲಿ ಸರಕು ಸಾಗಹಾಕಿದಳು ಅಂದುಕೊಂಡಳೇನೋ. ತಿಪ್ಪೆಗೆ ಎಸೆದಳೇನೋ ಎಂದು ನಾಚಿಕೆ ಬಿಟ್ಟು ಗೋಡೆಯಾಚೆ ಇಣುಕಿಯೂ ನೋಡಿದೆ.

ಸಂಜೆ ಅವಳೇ ಬಾಗಿನ ತಂದಳು. ನನ್ನ ಡಬ್ಬಿಯನ್ನು ನನಗೇ ಹಿಂತಿರುಗಿಸಲು ಬಂದಿದ್ದಾಳೆ ಎಂದು ಖಾತ್ರಿಯಾಯಿತು. ಅರಿಶಿನ ಕುಂಕುಮ ತರುತ್ತೇನೆಂದು ಅವಳ ಮೊರ ಹಿಡಿದೇ ಒಳಗೆ ಹೋದ ನಾನು, ಅದನ್ನು ಬಿಚ್ಚಿ ಬೇಳೆಯೊಳಗೆಲ್ಲ ಕೈಯಾಡಿಸಿದೆ. ತಿರುಗಿ ನೋಡಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು.

"ಹುಡುಕ್ಬೇಡ ಕಣೇ, ಅದ್ರಲ್ಲಿಲ್ಲ. ಹಚ್ಕೊಂಡೇ ಬಂದಿವ್ನಿ."

ಭೂಮಿಗಿಳಿದುಹೋದೆ. ತಲೆ ತಗ್ಗಿಸಿ ತಟ್ಟೆ ತಂದು ಅವಳ ಕೆನ್ನೆಗೆ ಅರಿಶಿನ ಹಚ್ಚಿದೆ. ಮೂರು ವರ್ಷ ಊರ ಹೆಂಗಸರ ಕೆನ್ನೆಗೆ ಕ್ರೀಮು ಸವರಿ ತೋರಿಸಿದ ಬೆರಳು ನನ್ನವು, ಅವಕ್ಕೆ ಗೊತ್ತಾಗದೆ ಇರುತ್ತದೆಯೇ. ಕೆನ್ನೆ ಒಣಗಿತ್ತು. ಬರೀ ಸೋಪಿನ ವಾಸನೆ. ಅವಳು ಸುಳ್ಳು ಹೇಳಿದ್ದಳು, ನನಗೋಸ್ಕರ.

"ಹೆಂಗೈತೆ?" ಎಂದು ಕೇಳಿದಳು.

"ನಿನ್ ಮುಖಕ್ಕೆ ಒಪ್ಪುತ್ತೆ" ಎಂದೆ.

ಮಾರುವಾಗ ಎಲ್ಲರಿಗೂ ಹೇಳುತ್ತಿದ್ದ ಮಾತೇ ಅದು. ಹೇಳಿ ಅಳು ಬಂದದ್ದು ಅವತ್ತೊಂದೇ ಸಲ.