ಕರಿಹಲಗೆಯಲ್ಲಿ ಬರೆದ ಐದು ಸಾಲು

ನಾನು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಬೂಕನಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮನೆಯಲ್ಲಿ ನಾನು, ಅವ್ವ, ಎರಡು ಹಸು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ವಿದ್ಯಾರ್ಥಿಗಳು ಬೆನ್ನ ಹಿಂದೆ ಆಡಿಕೊಳ್ಳುವುದು ಗೊತ್ತು, ಅದೇನೂ ಸುಳ್ಳಲ್ಲ. ಬಂದ ಮೆಸೇಜನ್ನು ಪೂರ್ತಿ ಓದದೆಯೇ ನಾಲ್ಕು ಗುಂಪಿಗೆ ತಳ್ಳುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷ ದಸರಾ ರಜೆಗೆ ಮುಂಚೆ ಮಾಧ್ಯಮ ಮತ್ತು ಜನಾಭಿಪ್ರಾಯದ ಪಾಠ ಬಂತು. ಸುಳ್ಳುಸುದ್ದಿ ಹೀಗಿರುತ್ತದೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ಅವರ ಕಣ್ಣೆದುರೇ ಒಂದನ್ನು ಕಟ್ಟಿ ತೋರಿಸೋಣ ಎಂದುಕೊಂಡೆ. ಊರಿನ ಹೆಸರಿರಬೇಕು, ಹೇಳಿದವರ ಹೆಸರಿರಬಾರದು. ಮನೆಯ ಮಕ್ಕಳಿಗೆ ಏನಾದರೂ ಆದೀತೆಂಬ ಭಯ ಹುಟ್ಟಬೇಕು. ಕೊನೆಗೆ ಎಲ್ಲರಿಗೂ ತಿಳಿಸಿ ಎಂದು ಬೇಡಿಕೊಳ್ಳಬೇಕು. ಯಾವ ವಿಷಯ ಮೇಡಂ ಎಂದು ಕೇಳಿದರು. ನನಗೆ ತಟ್ಟನೆ ನೆನಪಾದದ್ದು ನಮ್ಮ ಮನೆಯ ಕೂದಲುಂಡೆ.

ನಮ್ಮ ಕಡೆ ಹೆಂಗಸರು ತಲೆ ಬಾಚಿದಾಗ ಬಂದ ಕೂದಲನ್ನು ಬೀದಿಗೆ ಎಸೆಯುವುದಿಲ್ಲ. ಯಾರ ಕೈಗಾದರೂ ಸಿಕ್ಕಿ ಮಾಟ ಮಾಡಿಸಿಬಿಟ್ಟರೆ ಎಂಬ ಅಳುಕು. ಹಿಂದೆ ಉಂಡೆ ಸುತ್ತಿ ಹೆಂಚಿನ ಸಂದಿಗೆ ಸಿಕ್ಕಿಸುತ್ತಿದ್ದರು. ಈಗ ಎಲ್ಲವೂ ಹೆಂಚಿಲ್ಲದ ಮೋಲ್ಡ್ ಮನೆಗಳು, ಪ್ಲಾಸ್ಟಿಕ್ ಕವರಿಗೆ ತುಂಬಿ ಕಿಟಕಿಗೆ ಕಟ್ಟುತ್ತಾರೆ. ತಿಂಗಳಿಗೊಮ್ಮೆ ಕೂದಲು ಕೊಳ್ಳುವ ಹೆಂಗಸು ಬುಟ್ಟಿ ಹೊತ್ತು ಬಂದಾಗ ಅದನ್ನು ಕೊಟ್ಟು ಸ್ಟೀಲ್ ಬಟ್ಟಲೋ ತಲೆಪಿನ್ನೋ ಈಸಿಕೊಳ್ಳುತ್ತಾರೆ. ಮಾಟಕ್ಕೆ ಹೆದರಿ ಕೂಡಿಟ್ಟದ್ದನ್ನು, ಯಾವ ಊರಿನವಳೆಂದೂ ಕೇಳದೆ ಒಬ್ಬಳ ಬುಟ್ಟಿಗೆ ಸುರಿಯುವುದು ಚಿಕ್ಕಂದಿನಿಂದಲೂ ನನಗೆ ನಗು ತರಿಸುತ್ತಿತ್ತು.

ಆ ನಗುವಿನಲ್ಲೇ ಹಲಗೆಯ ಮೇಲೆ ಬರೆದೆ. ಕೂದಲು ಕೊಳ್ಳುವ ಹೆಂಗಸು ಬಂದರೆ ಬಾಗಿಲು ತೆಗೆಯಬೇಡಿ. ಗೋವಿಂದನಹಳ್ಳಿ ಕಡೆ ಒಂದು ಮನೆಯವರು ಕೂದಲು ಕೊಟ್ಟರು. ಅಂದಿನಿಂದ ಆ ಮನೆಯ ಹುಡುಗಿ ಮಾತಾಡುತ್ತಿಲ್ಲ. ಗೋಡೆಯ ಕಡೆ ತಿರುಗಿ ಕೂತು ತಲೆ ಬಾಚುತ್ತಲೇ ಇದ್ದಾಳೆ. ದಯವಿಟ್ಟು ಎಲ್ಲರಿಗೂ ತಿಳಿಸಿ. ತರಗತಿ ಗೊಳ್ಳೆಂದು ನಕ್ಕಿತು. ಗಂಟೆ ಹೊಡೆಯಿತು, ಒರೆಸಿ ಹೊರಟೆ. ಯಾರ ಕೈಯಲ್ಲಿ ಫೋನಿತ್ತು ಎಂದು ನೋಡಲಿಲ್ಲ.

ದಸರಾ ಕಳೆದು ಕೆಲವು ದಿನಗಳಾಗಿದ್ದವು. ಸಂಜೆ ಕಾಫಿ ಕುಡಿಯುತ್ತಿದ್ದಾಗ ಅವ್ವ ತನ್ನ ಫೋನು ತಂದು ನನ್ನ ಕಿವಿಗೆ ಹಿಡಿದಳು. ಪಾಂಡವಪುರದ ಚಿಕ್ಕಮ್ಮ ಕಳಿಸಿದ ವಾಯ್ಸ್ ಮೆಸೇಜಂತೆ. ಯಾರೋ ಮುದುಕಿಯ ದನಿ, ಅಳುತ್ತಾ ಹೇಳುತ್ತಿತ್ತು. ಮಾತುಗಳೆಲ್ಲ ನನ್ನವೇ, ಅದೇ ಕ್ರಮದಲ್ಲಿ. ಆದರೆ ನಾಲ್ಕನೆಯ ಸಾಲು ಮುಗಿದ ಮೇಲೆ ನಾನು ಬರೆಯದ ಒಂದು ಮಾತಿತ್ತು. ಬಾಚಣಿಗೆಯ ಹಲ್ಲೆಲ್ಲ ಮುರಿದುಹೋಗಿದ್ದರೂ ಹುಡುಗಿ ಬಾಚುತ್ತಿದ್ದಾಳಂತೆ. ಆ ಮಾತಿಗೆ ನನ್ನ ತೋಳಿನ ರೋಮ ಎದ್ದು ನಿಂತದ್ದು ಸುಳ್ಳೆನ್ನಲಾರೆ.

ಇದು ನಾನೇ ಪಾಠಕ್ಕೆಂದು ಕಟ್ಟಿದ್ದು ಎಂದು ಅವ್ವನಿಗೆ ಬಿಡಿಸಿ ಹೇಳಿದೆ. ಅವಳು ನಗಲಿಲ್ಲ.

"ನೀನ್ ಬರ್ದಿರಬೋದು ಕಣವ್ವ, ಇಲ್ಲ ಅನ್ನಕಿಲ್ಲ," ಎಂದಳು. "ಆ ಮಗಿಗೆ ಆಗಿರೋದೂ ದಿಟವೇ."

ಮರುದಿನ ತರಗತಿಯಲ್ಲಿ ಇದನ್ನು ಹೊರಗೆ ಬಿಟ್ಟವರು ಯಾರು ಎಂದು ಗದರಿದೆ. ಹುಡುಗಿಯರೆಲ್ಲ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಕೊನೆಗೆ ಮುಂದಿನ ಬೆಂಚಿನವಳು, ನನ್ನ ಪಾಠವನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವವಳು, ಎದ್ದು ನಿಂತಳು.

"ಎರಡು ಕಡೆ ಇಚಾರಿಸಿದ್ವಿ ಮೇಡಂ, ನೀವೇ ಹೇಳ್ಕೊಟ್ಟಂಗೆ. ನಾಗಮಂಗಲದಲ್ಲಿ ನಮ್ ಮಾವ ಆ ಮನೇರನ್ನ ಬಲ್ಲೋರನ್ನ ಕಂಡವ್ರೆ. ಬಾಬುರಾಯನಕೊಪ್ಪಲಲ್ಲಿ ನನ್ ಪಕ್ಕ ಕೂತಿರೋ ಇವಳ ದೊಡ್ಡವ್ವನೂ ಅದನ್ನೇ ಹೇಳುದ್ರು."

ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರನ್ನು ಕೇಳಿ ಎಂದು ನಿಯಮ ಹೇಳಿಕೊಟ್ಟವಳು ನಾನೇ. ಅವರಿಬ್ಬರಿಗೂ ತಲುಪಿದ್ದು ಒಂದೇ ಮೆಸೇಜು ಎಂದೆ. ಅವಳು ವಿನಯದಿಂದ ತಲೆಯಾಡಿಸಿ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು. ಅವತ್ತೇ ನಾನು ಇದು ಸುಳ್ಳು, ಬರೆದವಳು ನಾನು ಎಂದು ಗೊತ್ತಿದ್ದ ಗುಂಪುಗಳಿಗೆಲ್ಲ ಹಾಕಿದೆ. ಅದನ್ನು ಒಬ್ಬರೂ ಮುಂದಕ್ಕೆ ಕಳಿಸಲಿಲ್ಲ.

ಆಮೇಲಿನ ಭಾನುವಾರ ಮಧ್ಯಾಹ್ನ ಬೀದಿಯ ತುದಿಯಿಂದ "ಕೂದ್ಲೂ..." ಎಂಬ ಕೂಗು ಕೇಳಿತು. ಅದರ ಹಿಂದೆಯೇ ಚಿಲಕಗಳ ಸದ್ದು. ಮೊದಲು ತುದಿಮನೆ, ಆಮೇಲೆ ಅದರ ಪಕ್ಕದ್ದು, ಹಾಗೇ ಒಂದೊಂದಾಗಿ ನಮ್ಮ ಕಡೆಗೆ ಬರುತ್ತಿತ್ತು. ಎಲ್ಲೋ ಅಳುತ್ತಿದ್ದ ಕೂಸನ್ನೂ ಯಾರೋ ಸುಮ್ಮನಾಗಿಸಿದರು. ಹಾಡುಹಗಲಲ್ಲಿ ಅಷ್ಟು ಜನ ಉಸಿರು ಬಿಗಿಹಿಡಿದು ಕೂತ ಬೀದಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವ್ವ ಚಿಲಕ ಹಾಕಲು ಬಾಗಿಲಿಗೆ ಹೋಗುವಷ್ಟರಲ್ಲಿ ನಾನು ಕಿಟಕಿಯ ಕವರು ಬಿಚ್ಚಿಕೊಂಡು ಹೊರಗೆ ಬಂದಿದ್ದೆ.

ನಾನು ಪ್ರೈಮರಿ ಸ್ಕೂಲಿಗೆ ಹೋಗುವಾಗಿನಿಂದ ಬರುತ್ತಿದ್ದ ಹೆಂಗಸು ಆಕೆ. ಬುಟ್ಟಿ ಇಳಿಸಿದಾಗ ನೋಡಿದೆ, ಬಟ್ಟಲುಗಳು ಇದ್ದ ಹಾಗೇ ಇದ್ದವು, ಒಂದು ಎಳೆ ಕೂದಲಿರಲಿಲ್ಲ. ಎಷ್ಟೋ ದಿನದಿಂದ ಯಾರೂ ಬಾಗಿಲು ತೆಗೆಯುತ್ತಿಲ್ಲವಂತೆ. ಒಂದೂರಿನಲ್ಲಿ ಗಂಡಸರು ಸುತ್ತುಗಟ್ಟಿ ಬುಟ್ಟಿಯನ್ನು ಬೀದಿಗೆ ಸುರಿದು ಹುಡುಕಿದರಂತೆ. ಇನ್ನೊಂದು ಊರಿನಲ್ಲಿ ಕೈಯೂ ಮಾಡಿದ್ದರು, ಮೊಣಕೈ ಬಾತಿತ್ತು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳಿಗೆ ಮಾತ್ರ ಹೊಡೆದವರ ಮೇಲೆ ಸಿಟ್ಟಿರಲಿಲ್ಲ.

"ಅವರದ್ದೇನ್ ತಪ್ಪವ್ವ. ನನ್ ಮಗಳ ಫೋನ್ಗೂ ಬಂದದೆ," ಎಂದಳು. "ನಮ್ಮೋರಲ್ಲೇ ಯಾವಳೋ ಅಂತೋಳು ಸೇರ್ಕಂಡವಳೆ. ನಾನೂ ಮನೇಲಿ ಬಾಚಣಿಗೆ ಎತ್ತಿ ಮಡಗ್ಬುಟ್ಟಿದೀನಿ."

ತಡೆಯಲಾಗಲಿಲ್ಲ. ಅಂಥವಳು ಯಾರೂ ಇಲ್ಲ, ಆ ಹುಡುಗಿಯೂ ಇಲ್ಲ, ಅದನ್ನೆಲ್ಲ ಬರೆದವಳು ನಾನು, ತಪ್ಪಾಯಿತು ಅಕ್ಕ ಎಂದೆ. ಊರಿಗೆಲ್ಲ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಅವಳು ಯಾವಾಗ ಬರೆದಿರಿ ಎಂದು ಕೇಳಿದಳು. ದಸರಾಕ್ಕೆ ಮುಂಚೆ ಎಂದೆ.

"ಆ ಮಗಿಗೆ ಅಂಗಾಗಿದ್ದು ದಸರಾ ಆದ್ಮೇಲೆ," ಎಂದಳು ಮೆಲ್ಲಗೆ. "ಅಂಗಾರೆ ಆಗೋಕ್ ಮುಂಚೇನೇ ನಿಮ್ಗೆಂಗವ್ವ ಗೊತ್ತಾಯ್ತು?"

ನಾನು ಕವರು ಮುಂದೆ ಚಾಚಿದೆ. ಅದು ತಾಗದಂತೆ ಅವಳು ಸೆರಗು ಬಿಗಿದುಕೊಂಡಳು. ಬುಟ್ಟಿ ಎತ್ತಿ ಸೊಂಟಕ್ಕೆ ಒತ್ತಿಕೊಂಡು, ನನಗೆ ಬೆನ್ನು ಹಾಕದೆ, ನಾಲ್ಕಾರು ಹೆಜ್ಜೆ ಹಿಂದಕ್ಕೇ ನಡೆದು ಆಮೇಲೆ ತಿರುಗಿದಳು. ಬೀದಿ ದಾಟುವವರೆಗೂ ಮತ್ತೆ ಕೂಗಲಿಲ್ಲ.

ನಾನು ಮನೆಯ ಕಡೆ ತಿರುಗಿದೆ. ಬಾಗಿಲು ಮುಚ್ಚಿತ್ತು. ತಳ್ಳಿದೆ, ಒಳಗಿನಿಂದ ಚಿಲಕ ಹಾಕಿತ್ತು. ಅವ್ವಾ ಎಂದು ಕರೆದೆ. ಬಾಗಿಲ ಆಚೆಯೇ ಅವಳು ನಿಂತಿರುವುದು ಬಳೆಯ ಸದ್ದಿನಿಂದ ಗೊತ್ತಾಗುತ್ತಿತ್ತು. ಇನ್ನೊಮ್ಮೆ ಕರೆದೆ. ಆ ಕವರನ್ನು ಆಚೆಗೇ ಬಿಟ್ಟು ಬಾ ಎಂದಳು.