ಮೈಮೇಲೆ ಬರುವುದಕ್ಕೆ ನಾವು ಬರೆದ ನಿಯಮಗಳು

ಕಳೆದ ವಾರ ಮಾಟುಂಗಾ ಸ್ಟೇಷನ್ನಿನ ಹೊರಗೆ ಹೂವಿನವನ ಬುಟ್ಟಿಯಲ್ಲಿ ಹಿಂಗಾರ ಕಂಡಿತು. ಅಡಿಕೆಮರದ ಹೂಗೊನೆ. ಯಾರದೋ ಪೂಜೆಗೆಂದು ಊರಿನಿಂದ ತರಿಸಿದ್ದಂತೆ, ಮಿಕ್ಕದ್ದನ್ನು ಮಾರಲು ಇಟ್ಟಿದ್ದ. ನಾನು ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಹಸಿಹಸಿಯಾದ, ಸ್ವಲ್ಪ ಸಿಹಿಯಾದ, ಎಲ್ಲೋ ಹಿಟ್ಟನ್ನು ನೆನಪಿಸುವ ವಾಸನೆ... ನನಗೆ ನೆನಪಾದದ್ದು ಮಾತ್ರ ಊರಲ್ಲ, ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನ ಮಾಮ. ಈ ಹೂವಿನ ವಾಸನೆ ಬಂದರೆ ತಾನು ಈಗಲೂ ದಾರಿ ಬದಲಿಸುತ್ತೇನೆ ಎಂದು ಅವರು ಒಮ್ಮೆ ಹೇಳಿದ್ದರು.

ಮಾಮ ನಮಗೆ ಸಂಬಂಧಿಕರಲ್ಲ. ಕಾರ್ಕಳದ ಕಡೆಯವರು. ಪರೇಲಿನ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ಬಿಟ್ಟವರು. ಮದುವೆಯಾಗಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, ಎರಡನೇ ಮಹಡಿಯ ನಮ್ಮ ಸಾರಿಗೆ ಹುಳಿ ಹೆಚ್ಚಾಗಿದೆಯೆಂದು ವಾಸನೆಯಲ್ಲೇ ಹೇಳುತ್ತಿದ್ದರು. ಅಮ್ಮನಿಗೆ ಸಿಟ್ಟು ಬರುತ್ತಿತ್ತು. ಆದರೆ ರುಚಿ ನೋಡಿದರೆ ಅವರು ಹೇಳಿದ್ದೇ ಸರಿ ಇರುತ್ತಿತ್ತು.

ಅವರ ಬಾಗಿಲಿನ ಪಕ್ಕದ್ದೇ ಸೊಸೈಟಿಯ ಆಫೀಸ್ ಕೋಣೆ. ಭಾನುವಾರ ಮಧ್ಯಾಹ್ನ ಅದು ಖಾಲಿ ಇರುತ್ತಿದ್ದುದರಿಂದ ನಾವು ಐದು ಜನ ಗೆಳೆಯರು ಅಲ್ಲಿ ಸೇರಿ ಆಡುತ್ತಿದ್ದೆವು. ಆಟವೆಂದರೆ ಒಂದು ಕಥೆ. ಒಬ್ಬರು ಕಥೆಯನ್ನು ನಡೆಸುತ್ತಾರೆ, ಉಳಿದವರು ತಲಾ ಒಂದೊಂದು ಪಾತ್ರವಾಗುತ್ತಾರೆ. ಕಾಡು, ಕೋಟೆ, ಮಾಟ, ಯುದ್ಧ ಎಲ್ಲ ಇರುತ್ತದೆ. ಯಾರ ಪ್ರಯತ್ನ ಫಲಿಸಿತು, ಯಾರದು ಕೆಟ್ಟಿತು ಎಂಬುದನ್ನು ದಾಳ ಹೇಳುತ್ತದೆ. ಕಥೆ ನಡೆಸುವವಳು ನಾನು. ಹಗಲು ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಲೋಕಲ್‌ನಲ್ಲಿ ಸೀಟು ಸಿಕ್ಕಿದ ದಿನ ಆಟದ ನೋಟ್‌ಬುಕ್ಕಿನಲ್ಲಿ ನಿಯಮ ಬರೆಯುವುದು. ಮೂರು-ನಾಲ್ಕು ವರ್ಷದ ಹಿಂದೆ ನಮ್ಮ ಕಥೆಯಲ್ಲಿ ಪಿಶಾಚಿಯೊಂದು ಬಂದಿತ್ತು. ಅದು ಪಾತ್ರಗಳ ಮೈಯೊಳಗೆ ಹೊಗಬೇಕು, ಅದಕ್ಕೊಂದು ನಿಯಮ ಬೇಕಿತ್ತು.

ನಾನು ಬರೆದದ್ದು ಸರಳವಾಗಿತ್ತು. ಇಪ್ಪತ್ತು ಮುಖದ ದಾಳ ಎಸೆಯಿರಿ, ಹತ್ತಕ್ಕಿಂತ ಕಡಿಮೆ ಬಿದ್ದರೆ ಪಿಶಾಚಿ ಒಳಗೆ ಬಂತು. ಆಮೇಲೆ ಆ ಪಾತ್ರವನ್ನು ಆಡಿಸುವವಳು ನಾನು, ಬಿಡಿಸುವವರು ಸಿಗುವ ತನಕ.

ಮೊದಲ ಸಲಕ್ಕೇ ಅದು ನನ್ನ ಗೆಳತಿಯ ಪಾತ್ರದ ಮೇಲೆ ಬಂತು. ಅವಳದು ಒಬ್ಬ ಕಾವಲುಗಾರ್ತಿ. ಏಳು ತಿಂಗಳಿಂದ ಒಂದು ಹಳ್ಳಿಯನ್ನು ಕಾಯುತ್ತ ಬಂದಿದ್ದಳು. ಆ ಹಳ್ಳಿಯ ಜನರಿಗೆಲ್ಲ ಗೆಳತಿಯೇ ಹೆಸರಿಟ್ಟಿದ್ದಳು. ನಾನು ಅವಳ ಪಾತ್ರದ ಕೈಯಿಂದಲೇ ಆ ಹಳ್ಳಿಗೆ ಬೆಂಕಿ ಇಡಿಸಿದೆ. ಕಥೆಗೆ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆ. ಅವಳು ದಾಳವನ್ನು ಮೇಜಿನ ಮೇಲೆ ಇಟ್ಟು ಎದ್ದು ನಿಂತಳು.

"ಅರೇ ಯಾರ್, ಇದು ನನ್ನ ಕ್ಯಾರೆಕ್ಟರ್. ನನ್ನ ಕೇಳದೇ ನನ್ನ ಕೈಲೆ ಹೆಂಗ ಮಾಡಿಸ್ದಿ?" ಅಂದಳು. ಹುಬ್ಬಳ್ಳಿ ಕಡೆಯವಳು, ಸಿಟ್ಟು ಬಂದಾಗ ಮಾತ್ರ ಅವಳ ಕನ್ನಡ ಪೂರ್ತಿ ಹೊರಬರುತ್ತಿತ್ತು. ಬ್ಯಾಗು ತೆಗೆದುಕೊಂಡು ಹೊರಟೇಹೋದಳು. ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ.

ಮಾಮ ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಉಳಿದವರು ಹೋದ ಮೇಲೆ ನನ್ನನ್ನು ಕರೆದರು.

"ಎಂತ ಮಗಾ, ಆ ಹುಡುಗಿ ಸಿಟ್ಟು ಮಾಡ್ಕೊಂಡು ಹೋದದ್ದು ಎಂತಕ್ಕೆ?"

ನಾನು ವಿವರಿಸಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಅವಳು ಹೂಂ ಅನ್ನದೆ ಬಂದದ್ದಾ? ಅದು ತಪ್ಪು. ನಮ್ಮಲ್ಲಿ ದೈವವೇ ಹಾಗೆ ಬರುವುದಿಲ್ಲ. ನಾನು ಉಪವಾಸ ಇದ್ದು, ಮಿಂದು, ಹಿಂಗಾರ ಕೈಯಲ್ಲಿ ಹಿಡಿದು ನಿಂತ ಮೇಲೆಯೇ ಬರುವುದು."

ಹಾಗೆ ನನಗೆ ಗೊತ್ತಾಯಿತು. ಊರಲ್ಲಿದ್ದಾಗ ಮಾಮ ಕುಟುಂಬದ ದೈವಸ್ಥಾನದಲ್ಲಿ ಪಾತ್ರಿಯಾಗಿದ್ದರು. ದೈವ ಅವರ ಮೈಮೇಲೆ ಬಂದು ಜನರ ಪ್ರಶ್ನೆಗಳಿಗೆ ತೀರ್ಪು ಕೊಡುತ್ತಿತ್ತು. ಇಪ್ಪತ್ತೆರಡನೇ ವಯಸ್ಸಿಗೆ ಅದನ್ನು ಬಿಟ್ಟು ಮುಂಬೈಗೆ ಬಂದವರು ಮತ್ತೆ ಯಾವತ್ತೂ ಹಾಗೆ ನಿಂತಿರಲಿಲ್ಲ.

"ಆದರೆ ನಮ್ಮದು ಪಿಶಾಚಿ, ಮಾಮ" ಅಂದೆ.

"ದೈವ ಬೇರೆ, ಪಿಶಾಚಿ ಬೇರೆ. ಸೇರಿಸಿ ಮಾತಾಡ್ಬೇಡ. ಆದರೆ ಬರುವುದು ಮನುಷ್ಯನ ಮೈಗೆ ಅಲ್ವಾ? ಆ ಮೈಯ ಕಷ್ಟ ನನಗೆ ಗೊತ್ತುಂಟು."

ಅದಾದ ಮೇಲೆ ಒಂದು ತಿಂಗಳು, ಆಫೀಸಿನಿಂದ ಬಂದವಳು ಮೇಲೆ ಹೋಗುವ ಮೊದಲು ಅವರ ಮನೆಯಲ್ಲಿ ಅರ್ಧ ಗಂಟೆ ಕೂರುತ್ತಿದ್ದೆ. ಅವರು ಈರುಳ್ಳಿ ಹೆಚ್ಚುತ್ತ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಆಡುವವರು ಒಪ್ಪದೆ ಯಾರ ಮೈಮೇಲೂ ಏನೂ ಬರಬಾರದು. ಬಂದಾಗ ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಬೇಕು. ಹಿಡಿದವರು ಅಷ್ಟು ಹೊತ್ತು ತಮ್ಮ ಆಟ ಬಿಟ್ಟುಕೊಡಬೇಕು. ಇಳಿದ ಮೇಲೆ ಮೊದಲು ನೀರು, ಮಾತೆಲ್ಲ ಆಮೇಲೆ. ಊರಲ್ಲಿ ಅವರನ್ನು ಹಿಡಿದುಕೊಳ್ಳುತ್ತಿದ್ದ ಮುದುಕರೊಬ್ಬರ ಅಂಗೈ ಎಷ್ಟು ಒರಟಾಗಿತ್ತು ಎಂಬುದನ್ನು ಒಂದು ದಿನ ಬಹಳ ಹೊತ್ತು ಹೇಳಿದರು... ನೋಟ್‌ಬುಕ್ಕಿನಲ್ಲಿ ಅದನ್ನು ನಾನು ಬರೆದುಕೊಳ್ಳಲಿಲ್ಲ, ಈಗ ಬರೆದಿರಬೇಕಿತ್ತು ಅನ್ನಿಸುತ್ತದೆ.

ಪಿಶಾಚಿ ಪಾತ್ರದ ಬಾಯಿಂದ ಏನು ಬೇಕಾದರೂ ಹೇಳಿಸಬಹುದೇ ಎಂದು ಕೇಳಿದಾಗ ಮಾತ್ರ ಅವರು ಹೆಚ್ಚುವುದನ್ನು ನಿಲ್ಲಿಸಿದರು. ಕತ್ತಿಯನ್ನು ಕೆಳಗಿಟ್ಟರು.

"ಏನು ಬೇಕಾದರೂ ಬೇಡ. ಒಳಗೆ ಮೊದಲೇ ಇದ್ದದ್ದನ್ನು ಮಾತ್ರ ಹೇಳಿಸಲಿ. ಹೊರಗಿನದ್ದು ಬೇಡ."

ಅದನ್ನೂ ನಿಯಮ ಮಾಡಿದೆ. ಆಟದ ಮೊದಲು ಪ್ರತಿಯೊಬ್ಬರೂ ತಮ್ಮ ಪಾತ್ರ ಬಾಯಿಬಿಟ್ಟು ಹೇಳದ ಒಂದು ಆಸೆಯನ್ನು ಚೀಟಿಯಲ್ಲಿ ಬರೆದು ನನಗೆ ಕೊಡಬೇಕು. ಪಿಶಾಚಿ ಬಳಸಬೇಕಾದದ್ದು ಅಷ್ಟನ್ನೇ. ಪಾತ್ರವನ್ನು ಆಡಿಸುವವಳು ನಾನಲ್ಲ, ಅವರೇ. ಇಳಿದ ಮೇಲೆ ನಾನು ಒಂದೇ ಪ್ರಶ್ನೆ ಕೇಳಬೇಕು: ಮಾಡಿದ್ದು ನೀವೋ, ಅದೋ? ಅವರು ಹೇಳಿದ್ದೇ ಕೊನೆ.

ಈ ಪುಟಗಳ ಫೋಟೋ ತೆಗೆದು ಗೆಳತಿಗೆ ಕಳಿಸಿದೆ. ಎರಡು ದಿನದ ನಂತರ ಅವಳಿಂದ ಮೆಸೇಜ್ ಬಂತು, "ಸಂಡೇ ಬರ್ತೀನಿ. ಹಳ್ಳಿ ಸುಟ್ಟಿಲ್ಲ, ತಿಳೀತಾ?" ಹಳ್ಳಿ ಸುಟ್ಟಿರಲಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡೆವು.

ಆ ಭಾನುವಾರ ನಮ್ಮಲ್ಲೊಬ್ಬ ಜ್ವರ ಎಂದು ಬರಲಿಲ್ಲ. ಗೆಳತಿಯೇ ಬಾಗಿಲಲ್ಲಿದ್ದ ಮಾಮನನ್ನು ಕರೆದಳು. ಬೇಡ ಬೇಡ ಎನ್ನುತ್ತಲೇ ಬಂದು ಕೂತರು. ನೀವು ಯಾರಾಗುತ್ತೀರಿ ಎಂದು ಕೇಳಿದ್ದಕ್ಕೆ ದೋಣಿ ನಡೆಸುವವ ಅಂದರು. ಚೀಟಿಯನ್ನು ಕೈಯಿಂದ ಮರೆಮಾಡಿಕೊಂಡು ಬರೆದರು. ಕಥೆಯಲ್ಲಿ ಕಾವಲುಗಾರ್ತಿ ಹೊಳೆ ದಾಟಿ ತನ್ನವರನ್ನು ಸೇರಬೇಕಿತ್ತು. ನಡುಹೊಳೆಯಲ್ಲಿ ಪಿಶಾಚಿ ಬಂತು. "ಬರಬಹುದಾ ಮಾಮ?" ಎಂದು ಕೇಳಿದೆ. ಹೂಂ ಅಂದರು. ಗೆಳತಿ ಅವರ ಕೈ ಹಿಡಿದುಕೊಂಡಳು. ನಾನು ಚೀಟಿ ಬಿಡಿಸಿದೆ. ಪೆನ್ಸಿಲಿನಲ್ಲಿ, ಗುಂಡಗಿನ ಅಕ್ಷರದಲ್ಲಿ "ಅವಳು ಹೋಗಬಾರದು" ಎಂದಿತ್ತು.

ನಾನು ಅದನ್ನು ಗಟ್ಟಿಯಾಗಿ ಓದಿದೆ. ಮಾಮ ದೋಣಿ ತಿರುಗಿಸುತ್ತೇನೆ ಎಂದರು, ಸಾಮಾನ್ಯ ದನಿಯಲ್ಲೇ. ದಾಳ ಎಸೆದರು, ದೋಣಿ ತಿರುಗಿತು, ಕಾವಲುಗಾರ್ತಿ ಹೊರಟ ದಡಕ್ಕೇ ವಾಪಸು ಬಂದಳು. ಪಿಶಾಚಿ ಇಳಿಯಿತು. ಗೆಳತಿ ನೀರು ಕೊಟ್ಟಳು. ಅವರು ಲೋಟ ಖಾಲಿ ಮಾಡಿದ ಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ.

ಮಾಮ ಲೋಟವನ್ನು ಗೆಳತಿಗೆ ವಾಪಸು ಕೊಟ್ಟರು. "ನಾನೇ" ಅಂದರು. ಆಮೇಲೆ ಎದ್ದು ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಅವರೇ ಹೇಳಿದರು. ಅವರಿಗೆ ಒಬ್ಬಳು ಅಕ್ಕ, ಮೂರು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಇವರನ್ನು ಬೆಳೆಸಿದ್ದು ಅವಳೇ. ಅವಳಿಗೆ ಒಬ್ಬ ಬಸ್ ಕಂಡಕ್ಟರನನ್ನು ಮದುವೆಯಾಗಬೇಕೆಂದು ಮನಸ್ಸಿತ್ತು. ಮನೆಯಲ್ಲಿ ಅರ್ಧ ಜನ ಹೌದೆಂದರು, ಅರ್ಧ ಜನ ಬೇಡವೆಂದರು. ದೈವದ ಮುಂದೆ ಕೇಳೋಣ ಎಂದಾಯಿತು. ದರ್ಶನದಲ್ಲಿ, ಅಂದರೆ ದೈವ ಮೈಮೇಲೆ ಬರುವ ಹೊತ್ತಿನಲ್ಲಿ, ತಮ್ಮನ ಬಾಯಿಂದ ಬಂದದ್ದು ಬೇಡ ಎಂಬ ಮಾತು. ಅಕ್ಕ ಕೈಮುಗಿದು ಒಪ್ಪಿಕೊಂಡಳು. ಆರು ತಿಂಗಳಲ್ಲಿ ಇದೇ ಮುಂಬೈಯ ದಹಿಸರ್‌ನಲ್ಲಿ ಬಳೆ ಅಂಗಡಿ ಇಟ್ಟಿದ್ದವರಿಗೆ ಅವಳನ್ನು ಕೊಟ್ಟರು.

"ಆ ದಿನ ದೈವ ಬಂದಿರಲಿಲ್ಲ ಮಗಾ. ನಾನು ಕಾದೆ, ಬರಲಿಲ್ಲ. ಜನ ಕಾಯ್ತಾ ಇದ್ದರು. ನಾನೇ ಹೇಳಿದೆ. ಅವಳು ಹೋದರೆ ಆ ಮನೆಯಲ್ಲಿ ನನ್ನವರು ಅಂತ ಯಾರೂ ಇರ್ಲಿಲ್ಲ."

ಅಕ್ಕನಿಗೆ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲ. ಪ್ರತಿ ದೀಪಾವಳಿಗೆ ದಹಿಸರ್‌ಗೆ ಹೋಗುತ್ತಾರೆ, ಊಟ ಮಾಡುತ್ತಾರೆ, ಬರುತ್ತಾರೆ. ಪಾತ್ರಿಯಾಗಿದ್ದ ತಮ್ಮನೆಂದು ಅಕ್ಕ ಇಂದಿಗೂ ಅವರಿಗಿಂತ ಮೊದಲು ಉಣ್ಣುವುದಿಲ್ಲ. ಅದೇ ತನಗೆ ನುಂಗಲಾಗದ್ದು ಅಂದರು.

ಮುಂದಿನ ಶನಿವಾರ ಸಂಜೆ ಜೊತೆಗೆ ಬರುತ್ತೀಯಾ ಎಂದು ಕೇಳಿದರು. ಸ್ಲೋ ಲೋಕಲ್ ಹಿಡಿದು ಹೋದೆವು. ಅಕ್ಕ ವಿಧವೆಯಾಗಿ ನಾಲ್ಕು ವರ್ಷವಾಗಿತ್ತು. ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಮಾಮ ನಿಂತುಕೊಂಡೇ ಎಲ್ಲವನ್ನೂ ಹೇಳಿದರು, ತುಳುವಿನಲ್ಲಿ. ನನಗೆ ತುಳು ಅರ್ಥವಾಗುತ್ತದೆ.

ಅಕ್ಕ ದಂಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸೊಪ್ಪು ಮುಗಿದ ಮೇಲೆ ತಲೆಯೆತ್ತಿ, "ದೈವ ಹೇಳಿದ್ದು ಅಂತ ಇಷ್ಟು ವರ್ಷ ಬಾಯಿಮುಚ್ಚಿಕೊಂಡು ಬದುಕಿದೆ. ಈಗ ಬಂದು ನೀನು ಅಂತೀಯಾ? ಈ ವಯಸ್ಸಿನಲ್ಲಿ ನಾನು ಇದನ್ನು ಎಲ್ಲಿ ಇಟ್ಟುಕೊಳ್ಳಲಿ?" ಎಂದರು. ನಮಗೆ ನೀರನ್ನೂ ಕೊಡಲಿಲ್ಲ. ಹೋಗು ಅಂದರು.

ಸ್ಟೇಷನ್ನಿನಲ್ಲಿ ನಾನು ತಪ್ಪಾಯಿತು ಮಾಮ ಎಂದೆ. ನನ್ನ ಆಟದಿಂದಲೇ ಇದೆಲ್ಲ ಆಯಿತು ಅನ್ನಿಸಿತ್ತು. "ನಿನ್ನದು ಎಂತ ಉಂಟು ಅದರಲ್ಲಿ?" ಅಂದರು. ಆ ವರ್ಷ ದೀಪಾವಳಿಗೆ ಅವರು ದಹಿಸರ್‌ಗೆ ಹೋಗಲಿಲ್ಲ. ನಮ್ಮ ಮನೆಯಲ್ಲೇ ಊಟ ಮಾಡಿದರು, ಅಮ್ಮನ ಸಾರಿಗೆ ಏನೂ ಹೇಳಲಿಲ್ಲ.

ನಾವು ದಹಿಸರ್‌ಗೆ ಹೋಗಿಬಂದು ಹನ್ನೊಂದು ತಿಂಗಳಾದ ಮೇಲೆ ಒಂದು ಭಾನುವಾರ ನಾವು ಆಡುತ್ತಿದ್ದಾಗ ಪಕ್ಕದ ಗೋಡೆಯಾಚೆಯಿಂದ ಹೆಂಗಸಿನ ದನಿ ಕೇಳಿತು. ಅಕ್ಕ ಬಂದಿದ್ದರು. ಆ ಕಂಡಕ್ಟರ್ ಆಮೇಲೆ ಮನೆಗೆ ಬಂದಿದ್ದನೇ, ಏನು ಕೇಳಿದ, ನೀನೇನು ಹೇಳಿದೆ, ಅವನ ಕಾಗದ ಯಾವುದಾದರೂ ಬಂದಿತ್ತೇ, ಹರಿದು ಹಾಕಿದೆಯಾ... ಒಂದೊಂದೇ ಪ್ರಶ್ನೆ, ಒಂದೊಂದಕ್ಕೂ ಬೈಗುಳ. ಮಾಮನ ಉತ್ತರ ಸಣ್ಣಗೆ ಕೇಳುತ್ತಿತ್ತು. ಮುಂದಿನ ಭಾನುವಾರವೂ ಬಂದರು, ಅದರ ಮುಂದಿನದೂ. ಬರುವಾಗ ಡಬ್ಬಿಯಲ್ಲಿ ಏನಾದರೂ ತರುತ್ತಿದ್ದರು. ಬೈದು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಮಾಮ ಆ ದಿನಗಳಲ್ಲಿ ಸ್ವಲ್ಪ ದಪ್ಪವಾದರು.

ಹೀಗೆ ಎರಡು ವರ್ಷ ನಡೆಯಿತು. ಮಾಮ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ. ಈಗ ಅವರ ಮನೆಯಲ್ಲಿ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ನಾವು ಈಗಲೂ ಆಡುತ್ತೇವೆ. ನಿಯಮಗಳಲ್ಲಿ ಒಂದನ್ನೂ ಬದಲಿಸಿಲ್ಲ. ಬೇರೆ ಗುಂಪಿನವರು ನೋಡಿ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಯಾರು ಬರೆದದ್ದೆಂದು ಕೇಳಿದರೆ ನಮ್ಮ ಬಿಲ್ಡಿಂಗಿನವರೊಬ್ಬರು ಎನ್ನುತ್ತೇನೆ.

ಮೊನ್ನೆ ಭಾನುವಾರ ದಹಿಸರ್‌ಗೆ ಹೋಗಿದ್ದೆ. ಅಕ್ಕ ಚಹಾ ಮಾಡಿಕೊಟ್ಟು ಎದುರಿಗೆ ಕೂತರು. ಆರೋಗ್ಯ, ಮೊಣಕಾಲು ನೋವು, ಕೆಟ್ಟುನಿಂತ ಲಿಫ್ಟು ಎಲ್ಲ ಮಾತಾಡಿದೆವು. ಹೊರಡುವಾಗ ಬಾಗಿಲವರೆಗೆ ಬಂದವರು ಚಿಲಕದ ಮೇಲೆ ಕೈಯಿಟ್ಟು ನಿಂತರು.

"ಭಾನುವಾರ ಬಂದರೆ ಕೈಕಾಲು ಆಡುವುದಿಲ್ಲ ನೋಡು" ಅಂದರು. "ಅವನಿಗೆ ಬೈಯಲಿಕ್ಕೆ ನನಗೆ ಇನ್ನೂ ಬೇಕಾದಷ್ಟು ಇತ್ತು."