ಹೊಸ ನಳಿಗೆಯ ಮೇಲಿನ ದೂರು

ಅಮೆರಿಕದ ಷಾರ್ಲೆಟ್‌ನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ರತ್ನಾಕರ ಜೀವಮಾನದಲ್ಲಿ ಒಮ್ಮೆಯೂ ‘ತಪ್ಪು ನನ್ನದು’ ಎಂದವನಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ತಪ್ಪು ಉಪ್ಪಿನದು, ಕಾರಿಗೆ ಗೀರು ಬಿದ್ದರೆ ಕಂಬದ್ದು. ಇಂಥ ಮಹಾನುಭಾವನಿಗೆ ಜಿಂಕೆ ಬೇಟೆಯ ಹುಚ್ಚು ಬೇರೆ.

2022ರ ಸೆಪ್ಟೆಂಬರಿನಲ್ಲಿ ತನ್ನ ಹಳೆಯ ರೈಫಲ್ಲಿಗೆ ಹೊಸ ನಳಿಗೆ ಹಾಕಿಸಿದ. ಹಾಕಿದವನು ಊರಾಚೆ ಒಬ್ಬನೇ ಅಂಗಡಿ ನಡೆಸುವ ಮುದುಕ ಕರ್ಟಿಸ್. ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ಒಂದು ಕಾಗದ ತೂರಿಸಿ, ಹಿಂದೆ ಮುಂದೆ ಎಳೆದು ತೋರಿಸಿ, “ಈ ಸಂದು ಖಾಲಿ ಇರಬೇಕು. ಏನಾದರೂ ಸಿಕ್ಕಿಕೊಂಡರೆ ಗುರಿ ತಪ್ಪುತ್ತದೆ,” ಎಂದಿದ್ದ. ರತ್ನಾಕರ ಆಗ ಫೋನ್ ನೋಡುತ್ತಿದ್ದ.

ನವೆಂಬರಿನಲ್ಲಿ ಮೂರು ಗುಂಡು ಹೊಡೆದ, ಮೂರೂ ಪೊದೆಗೆ. ಜೊತೆಗಿದ್ದ ಆಫೀಸಿನವರು ನಕ್ಕರು. ಸರಿ, ಇವನ ಪಿತ್ತ ನೆತ್ತಿಗೇರಿತು. ನೆಟ್ಟಗೆ ಅಂಗಡಿಗೆ ನುಗ್ಗಿ, ನಾಲ್ಕು ಗಿರಾಕಿಗಳ ಎದುರಿಗೇ ಕರ್ಟಿಸನನ್ನು ಮೋಸಗಾರ ಎಂದ. ಸಾಲದ್ದಕ್ಕೆ ಆನ್‌ಲೈನಿನಲ್ಲಿ ಒಂದೇ ಸ್ಟಾರ್ ಕೊಟ್ಟು ಹೀನಾಮಾನ ಬರೆದ. ಮುದುಕ ಎದುರಾಡಲಿಲ್ಲ. ರೈಫಲ್ ಇಟ್ಟುಕೊಂಡು, ವಾರದ ಮೇಲೆ “ಸರಿಯಾಗಿದೆ” ಎಂದಷ್ಟೇ ಹೇಳಿ ಹಿಂದಿರುಗಿಸಿದ. ಆಮೇಲೆ ಗುರಿ ತಪ್ಪಲಿಲ್ಲ. “ಜೋರು ಮಾಡಿದ್ದಕ್ಕೇ ಫಿಕ್ಸ್ ಮಾಡಿದ ನೋಡಿ,” ಎಂದು ಕನ್ನಡ ಸಂಘದ ಪಾಟ್‌ಲಕ್ ಊಟದಲ್ಲಿ ಸಿಕ್ಕವರಿಗೆಲ್ಲ ಕೊಚ್ಚಿಕೊಂಡ.

ಮರುವರ್ಷದ ಆಯುಧಪೂಜೆ ಬಂತು. ಗ್ಯಾರೇಜಿನಲ್ಲಿ ಕಾರು, ಲ್ಯಾಪ್‌ಟಾಪ್, ಡ್ರಿಲ್ಲುಗಳ ಜೊತೆ ಖಾಲಿ ರೈಫಲ್ಲೂ ಕುಂಕುಮ ಹಚ್ಚಿಸಿಕೊಂಡು ಮಲಗಿತ್ತು. ಹೆಂಡತಿ ಜಯಂತಿ ಆರತಿ ಮುಗಿಸಿ ಅಕ್ಷತೆ ಹಾಕಿದಳು. ಹಳದಿ ಅಕ್ಕಿಕಾಳುಗಳು ನಳಿಗೆಯ ಮೇಲಿಂದ ಉರುಳಿ ಸಂದಿಗೆ ಇಳಿದವು. ಫೋನ್ ನೋಡುತ್ತ ಅರ್ಧಂಬರ್ಧ ಕೇಳಿಸಿಕೊಂಡಿದ್ದ ಕರ್ಟಿಸನ ಸಂದಿನ ಮಾತು ರತ್ನಾಕರನಿಗೆ ಈಗ ನೆನಪಾಯಿತು.

“ಹೋದ ವರ್ಷವೂ ಹೀಗೇ ಹಾಕಿದ್ಯಾ?”

“ಹೌದು ಮಾರಾಯ್ರೆ. ಹೊಸ ಬ್ಯಾರೆಲ್, ಇನ್ನೂ ಒಂದು ಮುಷ್ಟಿ ಹಾಕು ಅಂತ ನೀವೇ ಹೇಳಿದ್ದಲ್ವಾ?”

ಅಯ್ಯೋ ದೇವರೇ! ರತ್ನಾಕರ ಅಂದು ಪಾಯಸದ ಬಟ್ಟಲು ಬದಿಗಿಟ್ಟ. ಫೋನ್ ತೆಗೆದು ನೋಡಿದ. ಹನ್ನೊಂದು ತಿಂಗಳಿಂದ ಅವನ ಬೈಗುಳ ಕರ್ಟಿಸನ ಅಂಗಡಿಯ ಹೆಸರಿನ ಕೆಳಗೆ ಮೊದಲನೆಯದಾಗಿ ಕೂತಿತ್ತು. ಮೂವತ್ತೊಂದು ಜನ ಅದಕ್ಕೆ ಲೈಕ್ ಒತ್ತಿದ್ದರು. ಅದನ್ನು ಅಳಿಸಿಹಾಕಿ, ಸದ್ಯ ಮುಗಿಯಿತು ಎಂದುಕೊಂಡ.

“ಬೈಯುವಾಗ ಎದುರು ಹೋಗಿ ಬೈದದ್ದಲ್ವಾ?” ಎಂದಳು ಜಯಂತಿ. “ಸಾರಿ ಕೂಡ ಎದುರು ಹೋಗಿಯೇ ಹೇಳಿ.”

ಶನಿವಾರ ಹೋದ. ಪಾರ್ಕಿಂಗಿನಲ್ಲಿ ಅರ್ಧ ಗಂಟೆ ಕಾರಿನಲ್ಲೇ ಕುಳಿತ. ಒಳಗೆ ಅಂದೂ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯಲು ಹೊರಟವನು, ಥೂ, ಅಂದು ನಾನು ಕಾದಿದ್ದೆನೇ ಎನ್ನಿಸಿ ಮುಂದೆ ಬಂದ.

“ತಪ್ಪು ನನ್ನದು,” ಎಂದ. ಉಳಿದದ್ದನ್ನು ತಡವರಿಸುತ್ತ ಹೇಳಿ ಮುಗಿಸಿದ.

ಕರ್ಟಿಸ್ ಮೇಜಿನ ಖಾನೆ ಎಳೆದು ಒಂದು ಲಕೋಟೆ ತೆಗೆದ. ಮೇಲೆ ರತ್ನಾಕರನ ಹೆಸರಿತ್ತು. ಒಳಗೆ ಹತ್ತಿಪ್ಪತ್ತು ಹಳದಿ ಅಕ್ಕಿಕಾಳು.

“ಮರ ಬಿಚ್ಚಿದಾಗಲೇ ಸಿಕ್ಕಿತ್ತು. ಹೇಳಿದರೆ ನಿಮಗೆ ಅವಮಾನವಾದೀತು ಅಂತ ಸುಮ್ಮನಾದೆ,” ಎಂದ. “ನಿಮ್ಮ ದೇವರದ್ದಿರಬೇಕು ಅನ್ನಿಸಿತು. ಕಸಕ್ಕೆ ಹಾಕಬಹುದೋ ಬಾರದೋ ಗೊತ್ತಾಗಲಿಲ್ಲ. ಅದಕ್ಕೇ ಎತ್ತಿಟ್ಟೆ.”

ರತ್ನಾಕರ ಎರಡೂ ಕೈ ಚಾಚಿ ಲಕೋಟೆ ತೆಗೆದುಕೊಂಡ. ತಲೆ ಎತ್ತಿ ಮುದುಕನ ಮುಖ ನೋಡಲು ಅವನಿಂದಾಗಲಿಲ್ಲ.